ಅಕ್ಕನ ಎಡಗೈಗೊಂದು ಇಸ್ಪೀಟ್ ಕಟ್ಟು

ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಇಸ್ಪೀಟ್ ಎಲೆಗಳನ್ನು ಕದ್ದುಮುಚ್ಚಿ ಗಿಡ್ಡ ಮಾಡುವ ಕೆಲಸಕ್ಕೆ ಕೂತೆ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನದು ಲಗ್ನಪತ್ರಿಕೆಯ ಅಂಗಡಿ. ಮುಂದೆ ಗಣಪತಿಯ ಚಿತ್ರವಿರುವ ಕಾರ್ಡುಗಳ ಸಾಲು, ಹಿಂದಿನ ಕೋಣೆಯಲ್ಲಿ ಕಾಗದ ಕತ್ತರಿಸುವ ಮಷಿನ್, ಬೈಂಡಿಂಗ್ ಕೆಲಸ. ಕಾಗದದ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಓಣಿಯಲ್ಲಿಲ್ಲ ಎಂದು ನಾನೇ ಹೇಳಿಕೊಂಡು ಓಡಾಡುತ್ತೇನೆ. ಬೇರೆಯವರು ಹೇಳಲಿ ಎಂದು ಕಾದರೆ ಆಗುವ ಕೆಲಸವಲ್ಲ ಅದು.

ಎಲೆ ಕತ್ತರಿಸಿದ್ದು ಅಕ್ಕನಿಗಾಗಿ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಕುರುಗೋಡಿನ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾಗಿ, ಈಗ ಸಿರುಗುಪ್ಪದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಲ್ಲಿನ ಡ್ರಾಯಿಂಗ್ ಮಾಸ್ತರರಿಂದ ಇಸ್ಪೀಟಿನ ಜಾದೂ ಕಲಿತಿದ್ದಳು. ಲೆಕ್ಕ ಎಂದರೆ ಮುಖ ತಿರುಗಿಸುವ ಮಕ್ಕಳು, ಟೀಚರ್ ಕೈಗೆ ಎಲೆ ಬಂದ ಕೂಡಲೇ ಮುಂದಿನ ಸಾಲಿಗೆ ಓಡಿಬರುತ್ತಿದ್ದರಂತೆ.

ನಮ್ಮದು ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸದೆ ಚಹಾ ಕೂಡ ಕುಡಿಯದ ಮನೆ. ಇಸ್ಪೀಟ್ ಎಂದರೆ ಪೊಲೀಸರು ಹಿಡಿಯುವ ಆಟ, ಸಂಸಾರ ಹಾಳು ಮಾಡುವ ಚಟ. ಒಮ್ಮೆ ಅವ್ವ ಅಕ್ಕನ ಚೀಲದಲ್ಲಿ ಕಟ್ಟನ್ನು ನೋಡಿ, ಇಕ್ಕಳದಲ್ಲಿ ಹಿಡಿದು ಅಂಗಳಕ್ಕೆ ಎಸೆದಳು. ಅಕ್ಕ ಅದನ್ನು ಹೆಕ್ಕಿಕೊಂಡು ಬಂದು, ಅವ್ವನ ಎದುರಿಗೇ ಕೂತು, ಅವ್ವನ ಕಿವಿಯ ಹಿಂದಿನಿಂದ ಆಟೀನ್ ರಾಣಿಯನ್ನು ತೆಗೆದಳು. ಅವ್ವ ನಕ್ಕುಬಿಟ್ಟಳು. ಆಮೇಲೆ ಬಂದವರು ಕಟ್ಟನ್ನು ನೋಡಿ ಹುಬ್ಬೇರಿಸಿದರೆ, "ಅದು ಸಾಲಿ ಸಾಮಾನು," ಎಂದು ಅವ್ವನೇ ಸಮಜಾಯಿಷಿ ಕೊಡತೊಡಗಿದಳು.

ಜಾದೂವಿನಲ್ಲಿ ಅಕ್ಕನದು ಒಂದೇ ಹಟ. ಏನೇ ಆದರೂ ಕೈಚಳಕದಿಂದಲೇ ಆಗಬೇಕು. ಮೊದಲೇ ತಯಾರು ಮಾಡಿಟ್ಟ ಮಾಯದ ಕಟ್ಟುಗಳನ್ನು ಆಕೆ ಮುಟ್ಟುತ್ತಿರಲಿಲ್ಲ. "ಎಲಿ ಕತ್ತರಿಸಿ ಜಾದೂ ಮಾಡೋದು ಅಂದ್ರ, ಪುಸ್ತಕದ ಹಿಂದಿನ ಉತ್ತರ ನೋಡಿ ಲೆಕ್ಕ ಬಿಡಿಸಿದಂಗ," ಎನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಅವಳ ಬಲಗೈ ಬಿದ್ದುಹೋಯಿತು. ಮಾತು ಉಳಿಯಿತು, ಕಾಲು ನಿಧಾನವಾಗಿ ಸರಿಯಾಯಿತು, ಕೈ ಮಾತ್ರ ಬರಲಿಲ್ಲ. ಅಲ್ಲಿಂದ ಅಕ್ಕ ಹೊರಗೆ ಹೋಗುವುದನ್ನೇ ಬಿಟ್ಟಳು. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದು. ಎಡಗೈಯಿಂದ ಯಾರಿಗೂ ಏನೂ ಕೊಡಬಾರದು. ಮೊಮ್ಮಗಳಿಗೆ ಹೆಸರಿಟ್ಟ ದಿನ, ಊಟದ ಪಂಕ್ತಿಯಿಂದ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಉಂಡಳು. ಬಲಗೈಯನ್ನು ಸೆರಗಿನಡಿ ಮುಚ್ಚಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿರುತ್ತಿದ್ದಳು.

ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ನೋಡಲಾಗದೆ ಸಿರುಗುಪ್ಪಕ್ಕೆ ಹೋಗುವುದನ್ನೇ ಕಡಿಮೆ ಮಾಡಿದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಹೋದಾಗಲೆಲ್ಲ ಏನಾದರೂ ಒಯ್ಯುತ್ತಿದ್ದೆ. ದಪ್ಪ ಹಿಡಿಕೆಯ ಚಮಚ, ಕೈಗೆ ತಿಕ್ಕುವ ಎಣ್ಣೆ, ಹಿಚುಕಲಿಕ್ಕೆ ರಬ್ಬರ್ ಚೆಂಡು. ಕೊಟ್ಟು, ಚಹಾ ಕುಡಿದು, ಬಸ್ಸು ತಪ್ಪುತ್ತದೆಂದು ಹೊರಟುಬಿಡುತ್ತಿದ್ದೆ.

ಹೀಗಿರುವಾಗ ಕುರುಗೋಡಿನ ಅವಳ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡರು. ಎಲ್ಲರೂ ನಲವತ್ತು ದಾಟಿದವರು. ಅವರಲ್ಲೊಬ್ಬ, ಈಗ ಕಾಳುಕಡಿ ವ್ಯಾಪಾರ ಮಾಡುವ ಭಾರೀ ಆಳು, ಅಕ್ಕನಿಂದ ಬರುವುದಿಲ್ಲ ಅನ್ನಿಸಿಕೊಂಡು ನೇರ ನನ್ನ ಅಂಗಡಿಗೆ ಬಂದ. "ಅಣ್ಣಾರ, ನೀವಾದ್ರೂ ಹೇಳ್ರಿ. ಟೀಚರ್ ಬಂದು ಒಂದ ಒಂದು ಜಾದೂ ಮಾಡಿದ್ರ ಸಾಕ್ರಿ. ನಮ್ಮ ಹುಡುಗ್ರೆಲ್ಲಾ ಅದನ್ನ ಕೇಳಾಕತ್ಯಾರ." ನಲವತ್ತೈದರ ತನ್ನ ಜೊತೆಯವರನ್ನು ಆತ ಹುಡುಗರು ಎನ್ನುತ್ತಿದ್ದ.

ಅವನಿಗೆ ಕೈಯ ವಿಷಯ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. "ಬರ್ತಾಳ, ಮಾಡ್ತಾಳ," ಎಂದುಬಿಟ್ಟೆ. ಅಕ್ಕನನ್ನು ಒಂದು ಮಾತು ಕೇಳದೆ ಹೀಗೆ ಮಾತು ಕೊಟ್ಟಿದ್ದು ಅವಳಿಗೆ ತಿಳಿದ ಕೂಡಲೇ ಫೋನಿನಲ್ಲಿ ನನ್ನ ಚಳಿ ಬಿಡಿಸಿದಳು. "ಹೋಗಿ ಏನು ಮಾಡ್ಲಿ? ಈ ಕೈ ತೋರಿಸಿ ಬರ್ಲೇನು? ಅವರ ಮನಸಿನ್ಯಾಗ ಇರೋ ಟೀಚರ್ ಹಂಗ ಇರ್ಲಿ ಬಿಡು."

ಆಮೇಲೆ ನಾನು ಫೋನಿನಲ್ಲಿ ಜಾದೂ ವಿಡಿಯೊಗಳನ್ನು ನೋಡುತ್ತ ಕೂತೆ. ಒಂದು ಕಟ್ಟಿನ ಗುಟ್ಟು ಹಿಡಿಸಿತು. ಅರ್ಧ ಕಟ್ಟಿನಲ್ಲಿ ಬೇರೆ ಬೇರೆ ಎಲೆಗಳು, ಉಳಿದರ್ಧ ಪೂರಾ ಒಂದೇ ಎಲೆ. ಆ ಒಂದೇ ಬಗೆಯವನ್ನು ಒಂದು ತುದಿಯಲ್ಲಿ ಉಗುರಿನ ಅಂಚಿನಷ್ಟು ಗಿಡ್ಡ ಮಾಡಿ, ಉದ್ದದ್ದೊಂದು ಗಿಡ್ಡದ್ದೊಂದು ಜೋಡಿಸಬೇಕು. ಹೆಬ್ಬೆರಳಿನಿಂದ ಮೂಲೆ ಒತ್ತಿ ಸರಸರ ಬಿಡುತ್ತ ಹೋದರೆ ಬೆರಳಿಗೆ ಉದ್ದದ್ದಷ್ಟೇ ತಾಕುತ್ತದೆ, ಗಿಡ್ಡದ್ದು ಅದರ ಬೆನ್ನಿಗೇ ಹೊರಟುಹೋಗುತ್ತದೆ. ನೋಡುವವರು ಎಲ್ಲಿ ನಿಲ್ಲಿಸು ಎಂದರೂ, ಮೇಲಿನ ಭಾಗವನ್ನು ಎತ್ತಿದರೆ ಉಳಿದ ಭಾಗದ ಮೇಲ್ಗಡೆ ಅದೇ ಎಲೆ. ಕಟ್ಟನ್ನು ಮಗುಚಿ ಹಾಗೇ ಬಿಟ್ಟರೆ ಬೇರೆ ಬೇರೆ ಎಲೆಗಳು ಮಾತ್ರ ಕಾಣುತ್ತವೆ. ಇಷ್ಟಕ್ಕೆ ಎಡಗೈ ಒಂದೇ ಸಾಕು. ನನಗೆ ಖುಷಿಯಾದದ್ದು ಇನ್ನೊಂದಕ್ಕೆ. ಎಲೆಯನ್ನು ನೋಡುವವರೇ ಎತ್ತಿಕೊಳ್ಳುತ್ತಾರೆ, ಅಕ್ಕ ಎಡಗೈಯಿಂದ ಯಾರಿಗೂ ಏನೂ ಕೊಡಬೇಕಾಗಿಲ್ಲ. ಬಲಗೈ ಸೆರಗಿನ ಒಳಗೇ ಇರಬಹುದು.

ಒಂದೇ ಎಲೆ ಇಪ್ಪತ್ತಾರು ಬೇಕೆಂದರೆ ಅಷ್ಟೂ ಕಟ್ಟುಗಳನ್ನು ಕೊಳ್ಳಬೇಕು, ಬೆನ್ನಿನ ಚಿತ್ತಾರವೂ ಒಂದೇ ಇರಬೇಕು. ಕಳಾವರ್ ಏಳು ಎಂದು ನಿಶ್ಚಯ ಮಾಡಿ, ಎರಡು ಓಣಿ ಆಚೆಯ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಕೇಳಿದೆ. ಅಂಗಡಿಯವನು ನನ್ನ ಹಣೆಯ ವಿಭೂತಿಯನ್ನೂ ಡಬ್ಬಿಗಳನ್ನೂ ಸರದಿಯಂತೆ ನೋಡಿ, "ಏಂ ಸಾರ್, ಕ್ಲಬ್ಬು ಪೆಡ್ತುನ್ನಾರಾ?" ಎಂದು ತೆಲುಗಿನಲ್ಲಿ ಮೆಲ್ಲಗೆ ಕೇಳಿದ. ಇಸ್ಪೀಟ್ ಕ್ಲಬ್ ಇಡುವ ಮುಖವೇ ನನ್ನದು ಎಂದು ರೇಗಿದೆ. ಆತ ಇನ್ನಷ್ಟು ಅನುಮಾನದಿಂದ ನೋಡಿದ. ಮನೆಗೆ ತಂದರೆ ಹೆಂಡತಿಯದು ಬೇರೆ ರಾಗ. "ದೇವರ ಮನಿ ಕಡಿಗೆ ಮಾತ್ರ ತರಬ್ಯಾಡ್ರಿ." ಕಳಾವರ್ ಏಳು ಕಳೆದುಕೊಂಡ ಕಟ್ಟುಗಳನ್ನು ಓಣಿಯವರಿಗೆ ಹಂಚಿದೆ. ಆಟದ ನಡುವೆ ಎಲ್ಲರೂ ಒಂದೇ ಎಲೆಗಾಗಿ ಹುಡುಕಾಡಿ, ಆಮೇಲೆ ಬಂದು ನನ್ನನ್ನು ಬೈದು ಹೋದರು.

ಕತ್ತರಿಸುವುದು ನನಗೆ ಎಡಗೈ ಆಟ ಎಂದುಕೊಂಡಿದ್ದೆ. ಮೊದಲ ಸಲ ಮಷಿನ್ನಿಗೆ ಕೊಟ್ಟಾಗ, ಎಲೆಯ ಮೇಲಿನ ನುಣುಪಿಗೆ ಕಟ್ಟು ಒಳಗೇ ಜಾರಿ, ಸೊಟ್ಟ ಕತ್ತರಿಸಿ ಬಿತ್ತು. ಮೂವತ್ತು ವರ್ಷ ದುಡಿದ ಮಷಿನ್ನಿಗೆ ಅಂದು ನಾನು ಬೈದ ಬೈಗಳವನ್ನು ಇಲ್ಲಿ ಬರೆಯುವಂತಿಲ್ಲ. ಮತ್ತೆ ಇಪ್ಪತ್ತಾರು ಕಟ್ಟು ತರಲು ಅದೇ ಅಂಗಡಿಗೆ ಹೋಗುವ ಧೈರ್ಯ ಸಾಲದೆ ಹೆಂಡತಿಯನ್ನು ಕಳಿಸಿದೆ. ಆಕೆ ಅಂಗಡಿಯವನಿಗೆ ಏನು ಹೇಳಿದಳೋ, ಇಂದಿಗೂ ನನಗೆ ಹೇಳಿಲ್ಲ. ಈ ಸಲ ಎಲೆಗಳನ್ನು ಎರಡು ಗಟ್ಟಿ ರಟ್ಟಿನ ನಡುವೆ ಬಿಗಿದು, ಅಂಚನ್ನಷ್ಟೇ ಹೊರಬಿಟ್ಟು, ಪಾಲಿಶ್ ಪೇಪರಿನಲ್ಲಿ ಉಜ್ಜುತ್ತಾ ಹೋದೆ. ಚೂಪಾದ ಮೂಲೆಗಳನ್ನು ಉಗುರು ಕತ್ತರಿಸುವ ನೇಲ್ ಕಟರ್‌ನಿಂದ ಒಂದೊಂದಾಗಿ ದುಂಡಗೆ ಮಾಡಿದೆ. ಬಳ್ಳಾರಿಯ ಸೆಕೆಗೆ ಬೆವರಿ ಎಲೆಗಳು ಅಂಟಿಕೊಳ್ಳದಿರಲೆಂದು ಮುಖದ ಪೌಡರ್ ಉದುರಿಸಿದೆ. ಹಗಲು ಗಿರಾಕಿಗಳು ಮಾತಾಡಿಸಿದರೆ, ಮಗಳ ಮದುವೆಯ ಸಂಭ್ರಮದಲ್ಲಿ ಬಂದವರಿಗೂ ಚುಟುಕು ಉತ್ತರ ಕೊಟ್ಟು ಒಳಗೆ ಓಡುತ್ತಿದ್ದೆ. ಮುಗಿದಾಗ ಬರಿಗಣ್ಣಿಗೆ ಉದ್ದ ಗಿಡ್ಡದ ಭೇದ ಗೊತ್ತಾಗುತ್ತಿರಲಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕಟ್ಟನ್ನು ಸಿರುಗುಪ್ಪಕ್ಕೆ ಒಯ್ದು ಅಕ್ಕನ ಮುಂದಿಟ್ಟೆ. ಕೈಗೆತ್ತಿಕೊಂಡು, ಹೆಬ್ಬೆರಳಿನಿಂದ ಒಮ್ಮೆ ಸವರಿದಳು ಅಷ್ಟೇ, ಗೊತ್ತಾಗಿಹೋಯಿತು.

"ಕತ್ತರಿಸಿ ತಂದೀಯೇನು?"

"ಹೂಂ."

"ನನ್ಗ?"

"ಮತ್ಯಾರಿಗೆ? ಎರಡು ವರ್ಷ ಆತು ಕಿಟಕಿ ಕಾಯಾಕತ್ತಿ. ನಾ ಕತ್ತರಿಸಿದ ಎಲಿ ಹಿಡಿದ್ರ ನಿನ್ನ ಮರ್ಯಾದಿ ಹೋಕ್ಕೈತಿ, ಹಿಂಗ ಕೂತ್ರ ಉಳೀತೈತಿ ಅಲ್ಲ?" ನನ್ನ ದನಿ ಏರಿತ್ತು. ಸೊಸೆ ಅಡುಗೆಮನೆಯಿಂದ ಇಣುಕಿದಳು.

ಅಕ್ಕ ಕಟ್ಟನ್ನು ಹಾಸಿಗೆಯ ಮೇಲೆ ಎಸೆದಳು. ನಾನು ಚಹಾ ಕೂಡ ಕುಡಿಯದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳಿಗೆ ಹೇಳಬೇಕಾಗಿದ್ದ ಮಾತುಗಳನ್ನು ಮನಸ್ಸಿನಲ್ಲೇ ಹೇಳುತ್ತಿದ್ದೆ. ಬಳ್ಳಾರಿ ಬರುವ ಹೊತ್ತಿಗೆ ಹಾಗೆ ಅನ್ನಬಾರದಿತ್ತು ಅನ್ನಿಸತೊಡಗಿತ್ತು.

ನಾಲ್ಕನೇ ದಿನ ಸೊಸೆ ಫೋನಿನಲ್ಲಿ ವಿಡಿಯೊ ಕಳಿಸಿದಳು. ಕಿಟಕಿಯ ಪಕ್ಕ ಅಕ್ಕ. ಎಡಗೈಯಲ್ಲಿ ಕಟ್ಟು. ಸರ್‍ರೆನ್ನುತ್ತಿದ್ದ ಎಲೆಗಳು ನಡುವೆ ನಿಲ್ಲುತ್ತಿದ್ದವು, ಮತ್ತೆ ಸರ್‍ರೆನ್ನುತ್ತಿದ್ದವು. ಜೊತೆಗೆ ಅಕ್ಕನ ದನಿ: "ಮೂಲಿ ಇನ್ನೊಂಚೂರು ಉಜ್ಜಬೇಕಿತ್ತು ಅಂತ ಹೇಳು ಆ ಸಿಟ್ಟಿನವಂಗ." ಆ ವಿಡಿಯೊವನ್ನು ಅಂಗಡಿಯಲ್ಲಿ ಎಷ್ಟು ಸಲ ನೋಡಿದೆನೋ. ಅಕ್ಕ ಗುರುವಂದನೆಗೆ ಹೋಗಲು ಒಪ್ಪಿದಳು, ಒಂದು ಕರಾರಿನ ಮೇಲೆ. ಕೈಯ ವಿಷಯ ಅಲ್ಲಿ ಯಾರಿಗೂ ತಿಳಿಯಬಾರದು. ಜಾದೂ ಮುಗಿದ ಕೂಡಲೇ ಊಟಕ್ಕೆ ನಿಲ್ಲದೆ ಹೊರಟುಬಿಡಬೇಕು.

ತಿಂಗಳ ಅಭ್ಯಾಸಕ್ಕೆ ಮೊದಲ ಕಟ್ಟಿನ ಅಂಚು ಸವೆದು ನಾರುನಾರಾಯಿತು. ಕಾರ್ಯಕ್ರಮಕ್ಕೆಂದು ಹೆಂಡತಿಯನ್ನು ಮತ್ತೆ ಅದೇ ಅಂಗಡಿಗೆ ಕಳಿಸಿ ಹೊಸದೊಂದನ್ನು ಮಾಡಿದೆ, ಈ ಸಲ ಮೂಲೆಯನ್ನು ಇನ್ನೊಂಚೂರು ಉಜ್ಜಿ. ಹೊರಡುವ ದಿನ ಬೆಳಿಗ್ಗೆ ಅಂಗಡಿಯಲ್ಲಿ ಗದ್ದಲ. ಮೂರು ಮದುವೆಯ ಪತ್ರಿಕೆಗಳು ಅಂದೇ ಹೋಗಬೇಕಿತ್ತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಪತ್ರಿಕೆಯ ಮೊದಲ ಕಟ್ಟು ಅಂಗಡಿಯಿಂದ ಹೊರಡುವಾಗ ನಾಲ್ಕೂ ಮೂಲೆಗೆ ಕಲಸಿದ ಅರಿಶಿನ ಹಚ್ಚಿ, ಕಣ್ಣಿಗೊತ್ತಿ ಕೊಡುತ್ತೇವೆ. ಅಪ್ಪನ ಕಾಲದಿಂದ ಬಂದದ್ದು. ಅಂದು ಒಂದಾದ ಮೇಲೊಂದು ಕಟ್ಟು ಹಚ್ಚಿ ಕೊಟ್ಟೆ. ಕೊನೆಗೆ ಅಕ್ಕನದನ್ನು ಡಬ್ಬಿಗೆ ಹಾಕಿ ಜೇಬಿಗಿಟ್ಟುಕೊಂಡು ಕಾರು ಹತ್ತಿದೆ.

ಸಿರುಗುಪ್ಪದಿಂದ ಅಕ್ಕನನ್ನು ಕರೆದುಕೊಂಡು ಕುರುಗೋಡು ಮುಟ್ಟಿದಾಗ ಶಾಲೆಯ ಅಂಗಳದಲ್ಲಿ ಶಾಮಿಯಾನ ತುಂಬಿತ್ತು. ಅಕ್ಕನಿಗೆ ಶಾಲು ಹೊದಿಸಿದರು. ಅವಳು ಅದನ್ನೇ ಬಲಗಡೆಗೆ ಎಳೆದುಕೊಂಡು ಕೂತಳು. ಯಾರಿಗೂ ಏನೂ ಗೊತ್ತಾಗಲಿಲ್ಲ. ಕಾಲಿಗೆ ಬಿದ್ದವರಿಗೆಲ್ಲ ತಲೆಯಾಡಿಸಿಯೇ ಆಶೀರ್ವಾದ ಮಾಡಿದಳು. ಕಾಳುಕಡಿ ವ್ಯಾಪಾರಿ ಮೈಕಿನ ಮುಂದೆ ನಿಂತು, "ಈಗ ನಮ್ಮ ಟೀಚರ್ ಜಾದೂ," ಎಂದಾಗ ಸೀಟಿ ಹೊಡೆದವರೂ ಇದ್ದರು. ಮೈಕನ್ನು ಅಕ್ಕನ ಮುಂದಿನ ಮೇಜಿನ ಮೇಲಿಟ್ಟರು. ನಾನು ಪಕ್ಕದಲ್ಲಿ ನಿಂತು ಡಬ್ಬಿ ತೆರೆದು ಹಿಡಿದೆ. ಅಕ್ಕ ಎಡಗೈಯಿಂದ ಕಟ್ಟನ್ನು ಎಳೆದುಕೊಂಡು, ಅದನ್ನೇ ನೋಡುತ್ತ ಕೂತಳು.

ನಾನೂ ನೋಡಿದೆ. ಕಟ್ಟಿನ ಮೂಲೆಗಳಲ್ಲಿ ಅರಿಶಿನ. ಮೂವತ್ತು ವರ್ಷದ ರೂಢಿಗೆ ನನ್ನ ಕೈ ನನ್ನನ್ನು ಕೇಳದೆ ಅದಕ್ಕೂ ಹಚ್ಚಿತ್ತು. ಗಿಡ್ಡ ಮಾಡಿದ ತುದಿಯಲ್ಲಿ, ಹೊರಗೆ ಚಾಚಿದ ಉದ್ದದ ಎಲೆಗಳಿಗಷ್ಟೇ ಬಣ್ಣ ಹತ್ತಿದೆ, ಒಳಗೆ ಸರಿದ ಗಿಡ್ಡವು ಬೆಳ್ಳಗೆ ಉಳಿದಿವೆ. ಹಳದಿ, ಬಿಳಿ, ಹಳದಿ, ಬಿಳಿ. ಪಾಲಿಶ್ ಪೇಪರಿನಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಗುಟ್ಟನ್ನು ಕುರುಡನೂ ಓದುವಂತೆ ಬರೆದುಬಿಟ್ಟಿದ್ದೆ. ಇವಳನ್ನು ಎಂಥ ಜಾಗಕ್ಕೆ ತಂದು ನಿಲ್ಲಿಸಿದೆ ಎಂದು ನನ್ನನ್ನು ನಾನೇ ಶಪಿಸಿಕೊಂಡೆ.

"ಲೇ ತಮ್ಮಾ, ಏನು ಮಾಡಿದ್ಯೋ ಇದು?" ಎಂದಳು ಅಕ್ಕ. ಮೈಕು ಅದನ್ನು ಅಂಗಳದ ಗೋಡೆಯವರೆಗೂ ಮುಟ್ಟಿಸಿತು.

ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದು ನಾನು ಬಗ್ಗಿದೆ. ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು, ಅವ್ವನ ಹಾಗೆಯೇ ಬಾಯಿ ತೆರೆದು ನಗುತ್ತಿದ್ದಳು. ಎರಡು ವರ್ಷದಲ್ಲಿ ನಾನು ಆ ನಗುವನ್ನು ಕೇಳಿರಲಿಲ್ಲ. ನಗು ಮುಗಿಸಿ, ಮೇಜಿಗೆ ಕಟ್ಟನ್ನು ಕುಟ್ಟಿ, ತರಗತಿಯ ದನಿ ತೆಗೆದಳು.

"ಮುಂದಿನ ಸಾಲಿನವರು ಬರ್ರಿ ಇಲ್ಲಿ. ಈ ತುದಿಯಾಗ ಹಳದಿ ಹತ್ತಿದ್ದು ಎಷ್ಟು, ಹತ್ತಲಾರದ್ದು ಎಷ್ಟು, ನೋಡಿ ಹೇಳ್ರಿ."

"ಅರ್ಧಾ ಅರ್ಧಾ ಅದಾವ್ರಿ ಟೀಚರ್."

"ಎಲ್ಲಾದಕ್ಕೂ ಯಾಕ ಹತ್ತಿಲ್ಲ?"

ಬೋಳುತಲೆಗಳು, ರೇಷ್ಮೆ ಸೀರೆಗಳು, ಎಲ್ಲ ಕಟ್ಟಿನ ಕಡೆ ಬಗ್ಗಿದವು. ಒಬ್ಬಾಕೆ ಹಿಂಜರಿಯುತ್ತ, "ಅರ್ಧ ಎಲಿ ಗಿಡ್ಡ ಅದಾವ ಅನಸ್ತೈತ್ರಿ," ಎಂದಳು.

"ಶಾಣ್ಯಾಕಿ. ಯಾಕ ಗಿಡ್ಡ ಮಾಡ್ಯಾರ?"

ಅಕ್ಕ ಕಟ್ಟನ್ನು ಕೆಳಗಿಟ್ಟು ಶಾಲನ್ನು ಸರಿಸಿದಳು. ಎಡಗೈಯಿಂದ ಬಲಗೈಯನ್ನು ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟಳು.

"ಇದಕ್ಕ," ಎಂದಳು. "ಇದು ಬಿದ್ದು ಎರಡು ವರ್ಷ ಆತು. ನಿಮ್ಮ ಮುಂದ ನಾ ಸಣ್ಣಾಕಿ ಆಗಬಾರದು ಅಂತ ನನ್ನ ತಮ್ಮ ಕೂತು ಎಲಿ ಉಜ್ಜ್ಯಾನ. ಛಲೋ ಉಜ್ಜ್ಯಾನ. ಆಶೀರ್ವಾದ ಒಂದೀಟು ಹೆಚ್ಚಾಗೇತಿ, ಅಷ್ಟ."

ಜನ ನಕ್ಕರು, ಆದರೆ ಹೆಚ್ಚು ಹೊತ್ತಲ್ಲ. ಕಾಳುಕಡಿ ವ್ಯಾಪಾರಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅಕ್ಕ ಅವನನ್ನು ಗದರಿದಳು. "ಅಳಬ್ಯಾಡ, ಬಾ ಇಲ್ಲಿ. ನನ್ನ ಬಲಕ್ಕ ನಿಂದ್ರು. ಬಲಗೈ ಚಾಚು. ಕತ್ತರಿಸಲಾರದ ಇಸ್ಪೀಟ್ ಯಾರ ಹತ್ರ ಐತಿ?"

ಗುರುವಂದನೆಗೆ ಬಂದ ಗೌರವಸ್ಥರ ಕಾರುಗಳಿಂದ ಎರಡೇ ನಿಮಿಷದಲ್ಲಿ ಮೂರು ಕಟ್ಟು ಬಂದವು. ಹೆಂಡಂದಿರು ಗಂಡಂದಿರನ್ನು ನೋಡಿದ ನೋಟವೇ ಬೇರೆ.

ಅವಳ ಎಡಗೈ, ಅವನ ಬಲಗೈ. "ಹಿಡಿ. ಬಿಡು. ಅಷ್ಟು ಬಿಗಿ ಬ್ಯಾಡ, ಜ್ವಾಳದ ಚೀಲ ಅಲ್ಲ ಅದು." ಎಲೆಗಳು ಮೊದಲ ಸಲ ನೆಲಕ್ಕೆ ಚೆಲ್ಲಿದವು. ಎರಡನೆಯ ಸಲವೂ ಚೆಲ್ಲಿದವು. ಹೆಕ್ಕಿಕೊಡಲು ನೂಕುನುಗ್ಗಲು. ಮೂರನೆಯ ಸಲ ಎರಡು ಕೈಗಳೂ ಹೇಗೋ ಒಂದೇ ಲಯಕ್ಕೆ ಬಂದವು. ಕಟ್ಟಿನ ನಡುವೆ ಸೇರಿಸಿದ್ದ ಎಲೆ ತಾನಾಗಿ ಎಲ್ಲಕ್ಕಿಂತ ಮೇಲೆ ಬಂದಾಗ, ಆ ಭಾರೀ ಆಳು ತನ್ನ ಕೈಯನ್ನೇ ತಾನು ನಂಬದವನಂತೆ ನೋಡಿಕೊಂಡ. ಅಕ್ಕ ಆ ಎಲೆಯನ್ನು ಎಡಗೈಯಿಂದಲೇ ಅವನಿಗೆ ಕೊಟ್ಟಳು. ಆತ ಎರಡೂ ಕೈ ಚಾಚಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

ಚಪ್ಪಾಳೆಯ ನಡುವೆ ನನಗೆ ಸಂತೋಷವಾಗಿತ್ತು, ಹೊಟ್ಟೆಯುರಿಯೂ ಆಗಿತ್ತು. ಎರಡು ವರ್ಷದಿಂದ ಅವಳ ಕೈಗೆ ಬದಲಾಗಿ ಏನು ಕೊಡಲಿ ಎಂದು ಅಂಗಡಿ ಅಂಗಡಿ ಅಲೆದವನು ನಾನು. ನನ್ನ ಹೆಗಲಿಗೇ ಒಂದು ಬಲಗೈ ಜೋತುಬಿದ್ದಿದೆ ಎನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ.

ಊಟಕ್ಕೆ ನಿಲ್ಲದೆ ಹೊರಡುವ ಕರಾರನ್ನು ಅಕ್ಕ ಮರೆತಳು. ಪಂಕ್ತಿಯ ನಡುವೆ ಕೂತು, ಎಡಗೈಯಿಂದ ಗೋಧಿ ಹುಗ್ಗಿ ಉಂಡಳು, ಎರಡನೆಯ ಸಲವೂ ಹಾಕಿಸಿಕೊಂಡಳು. ಪಕ್ಕದಲ್ಲಿದ್ದವರು ಸೊಸೆಯ ಬಗ್ಗೆ, ಮೊಮ್ಮಗಳ ಬಗ್ಗೆ ಕೇಳುತ್ತಿದ್ದರು.

ಸಂಜೆ ಸಿರುಗುಪ್ಪದ ದಾರಿಯಲ್ಲಿ, ಗದ್ದೆಗಳ ನಡುವೆ ಕಾರು ಹೋಗುತ್ತಿದ್ದಾಗ, "ಅರಿಶಿನ ಹತ್ತಿದ ಕಟ್ಟು ಎಸೀಲೇನು?" ಎಂದು ಕೇಳಿದೆ.

"ಇಲ್ಲಿ ಕೊಡು, ನನ್ನ ಹತ್ರ ಇರ್ಲಿ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದಳು. "ಇನ್ನೊಮ್ಮೆ ಬರೋವಾಗ ಏನೂ ಮಾಡ್ಕೊಂಡು ತರಬ್ಯಾಡ. ಬರೇ ಬಾ. ಬಂದು ಬಲಕ್ಕ ಕೂಡು."

ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಈಗ ಭಾನುವಾರ ಅಂಗಡಿ ಮುಚ್ಚಿ ಸಿರುಗುಪ್ಪಕ್ಕೆ ಹೋಗುತ್ತೇನೆ. ಅಕ್ಕನ ಬಲಕ್ಕೆ ಕೂತು ಕೈ ಚಾಚುತ್ತೇನೆ. ಮಷಿನ್ ಎಳೆದು ಎಳೆದು ಗಂಟುಗಟ್ಟಿದ ನನ್ನ ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ. ಅವಳು ಹಿಡಿ ಎಂದಾಗ ಬಿಡುತ್ತವೆ, ಬಿಡು ಎಂದಾಗ ಹಿಡಿಯುತ್ತವೆ. ಹೋದ ವಾರ ಐದನೆಯ ಸಲ ಎಲೆಗಳು ಚೆಲ್ಲಿದಾಗ ರೇಗಿ, ಉಳಿದವನ್ನೂ ನೆಲಕ್ಕೆ ಒಗೆದೆ.

"ನನ್ನ ಬಲಗೈಗೆ ಇಷ್ಟು ಸಿಟ್ಟು ಇರ್ಲಿಲ್ಲ ಲೇ," ಎಂದಳು ಅಕ್ಕ.

ನಾನು ಬಗ್ಗಿ ಎಲೆಗಳನ್ನು ಹೆಕ್ಕತೊಡಗಿದೆ.